ಬಾಯೊಳಗಿನ ಆಸ್ತಿ

ದಿವಾಳಿ ಕಚೇರಿಯ ಕಾರಿಡಾರಿನ ಬೆಂಚಿನ ಮೇಲೆ ಕೂತ ಹಲ್ಲಕ್ಕನಿಗೆ ತಾನು ಕಳ್ಳಿಯ ಹಾಗೆ ಕೂತಿದ್ದೇನೆ ಅನ್ನಿಸಿತು. ಮೊಣಕಾಲು ಜೋಡಿಸಿಕೊಂಡು, ಕೈಚೀಲವನ್ನು ಎದೆಗವಚಿಕೊಂಡು, ಯಾರಾದರೂ ಹಾದುಹೋದರೆ ಕಾಲು ಒಳಗೆಳೆದುಕೊಂಡು. ಚೀಲ ತೆಗೆದು ಪಕ್ಕಕ್ಕಿಟ್ಟಳು. ಏನನ್ನೋ ಮರೆಮಾಡಲು ಇಟ್ಟ ಹಾಗೆ ಕಂಡೀತೆನಿಸಿ ಮತ್ತೆ ತೊಡೆಯ ಮೇಲಕ್ಕೆ ಎಳೆದುಕೊಂಡಳು. ಬೆನ್ನು ನೆಟ್ಟಗೆ ಮಾಡಿದಳು. ಈಗ ಸೊಕ್ಕಿನವಳ ಹಾಗೆ ಕಂಡಿರಬೇಕು. ಸಾಲ ತೀರಿಸಲಾಗದವರು ಹೇಗೆ ಕೂರಬೇಕು ಎಂಬುದನ್ನೂ ಆ ದಪ್ಪ ಅರ್ಜಿಯ ಯಾವುದಾದರೊಂದು ಪುಟದಲ್ಲಿ ಬರೆದುಬಿಟ್ಟಿದ್ದರೆ ಒಳ್ಳೆಯದಿತ್ತು; ಉಳಿದದ್ದನ್ನೆಲ್ಲ ಬರೆದಿದ್ದಾರಲ್ಲ. ಪಕ್ಕದಲ್ಲಿ ಗಂಡ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದ. ಬೆಳಿಗ್ಗೆ ಶಾಲೆಯ ವ್ಯಾನು ಓಡಿಸಿ, ಮಕ್ಕಳನ್ನು ಇಳಿಸಿ, ವ್ಯಾನನ್ನು ಅಲ್ಲೇ ಬಿಟ್ಟು, ಹಾಗೆಯೇ ಇಲ್ಲಿಗೆ ಬಂದಿದ್ದ. ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತನಾದವನು, ಸೊಂಟ ಹಿಡಿದುಕೊಂಡರೆ ಸ್ಟಿಯರಿಂಗಿನ ಮೇಲೆಯೇ ಹಣೆಯಿಟ್ಟು ನರಳುವವನು, ಅವಳು ಈಗ ಬೇರೆಯವರ ಹತ್ತಿರ ದುಡಿದು ತರುವ ಸಂಬಳದಲ್ಲಿ ಕಚೇರಿಯವರು ಹಿಡಿದುಕೊಳ್ಳುವ ಪಾಲನ್ನು ತುಂಬಿಕೊಡಲು ಮತ್ತೆ ಕೆಲಸಕ್ಕೆ ಹತ್ತಿದ್ದ. ಸಾಲದಿಂದ ಬಿಡುಗಡೆಯ ಪತ್ರ ಕೈಗೆ ಬಂದ ದಿನವೇ ವ್ಯಾನಿನ ಬೀಗದಕೈ ವಾಪಸು ಕೊಟ್ಟು ಮಲಗಿಬಿಡುತ್ತೇನೆ ಎನ್ನುತ್ತಿದ್ದ. ಆ ದಿನ ಇವತ್ತೇ ಇರಬಹುದು.

ಎದುರು ಬೆಂಚಿನಲ್ಲಿ ಕೂತವರ ಬಾಯಿಗಳನ್ನು ನೋಡುತ್ತ ಹೊತ್ತು ಕಳೆಯಲು ನೋಡಿದಳು. ಮುಖಕ್ಕಿಂತ ಮೊದಲು ಬಾಯಿ ನೋಡುವುದು ಅವಳ ಚಾಳಿ. ಅಗೋ ಆ ಕೋಟಿನವನ ಮೇಲಿನ ಸಾಲು ಪೂರ್ತಿ ಕಟ್ಟಿದ್ದು, ಯಾರೋ ಅವಸರದಲ್ಲಿ ಮಾಡಿದ್ದಾರೆ, ಅಷ್ಟು ಬಿಳಿ ಹಲ್ಲು ಆ ವಯಸ್ಸಿನವರಿಗೆ ಇರುವುದಿಲ್ಲ. ಆ ಮೂಲೆಯ ಹೆಂಗಸು ದವಡೆಯ ನೋವನ್ನು ಒಂದೇ ಕಡೆ ಅಗಿದು ಸುಧಾರಿಸುತ್ತಿದ್ದಾಳೆ. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಮೇಣದಲ್ಲಿ ಹಲ್ಲು ನಿಲ್ಲಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಹಲ್ಲಿನ ಸೆಟ್ಟು ಮಾಡಿಕೊಡುವ ಕಾರ್ಖಾನೆಯೊಂದನ್ನು ಅವಳು ಅಡ್ಡರಸ್ತೆಯೊಂದರಲ್ಲಿ ನಡೆಸುತ್ತಿದ್ದಳು. ಹಲ್ಲಕ್ಕ ಎಂಬ ಹೆಸರು ಬಿದ್ದದ್ದು ಅದರಿಂದ. ಸ್ವಂತ ಹೆಸರಿನಿಂದ ಕರೆಯುವವರು ಈಗ ಈ ಕಚೇರಿಯವರು ಮಾತ್ರ, ಅದೂ ಹಿಂದುಮುಂದಾಗಿ. ಊರಿನ ದೊಡ್ಡ ಹಲ್ಲಿನ ಆಸ್ಪತ್ರೆ ಅವಳಿಗೆ ಕೈತುಂಬ ಕೆಲಸ ಕೊಟ್ಟಿತ್ತು. ಕೆಲಸ ಕೊಟ್ಟಿತು, ದುಡ್ಡು ಕೊಡಲಿಲ್ಲ. ಮುಂದಿನ ತಿಂಗಳು ಎಂದಿತು. ಮುಂದಿನ ತಿಂಗಳು ಬಂದಾಗ ಅದರ ಮುಂದಿನದ್ದು ಎಂದಿತು. ಅವಳು ಕುಲುಮೆಗೆ ಸಾಲ ತಂದಳು, ಕೆಲಸದವರ ಸಂಬಳಕ್ಕೆ ಸಾಲ ತಂದಳು, ಎಲ್ಲದಕ್ಕೂ ತನ್ನ ಹೆಸರಿನಲ್ಲೇ ಸಹಿ ಹಾಕಿದಳು. ಒಂದು ದಿನ ಹೋಗಿ ನೋಡಿದರೆ ಆಸ್ಪತ್ರೆಯ ಬೋರ್ಡು ಬದಲಾಗಿತ್ತು. ಅದೇ ಗಾಜಿನ ಬಾಗಿಲು, ಅದೇ ನೀಲಿ ಸೋಫಾ, ಅದೇ ನಗುವ ಹುಡುಗಿ ಮೇಜಿನ ಹಿಂದೆ. ‘ಅದು ಹಳೇ ಕಂಪನಿ ಮೇಡಂ, ಮುಚ್ಚಿಹೋಯ್ತು. ನಾವು ಬೇರೆ’ ಎಂದಳು ಹುಡುಗಿ. ಹೋದ ವಾರವಷ್ಟೇ ಇದೇ ಹುಡುಗಿ ಅವಳಿಗೆ ಕಾಫಿ ತರಿಸಿಕೊಟ್ಟಿದ್ದಳು. ಮಾಲೀಕ ಡಾಕ್ಟರು ಲಿಫ್ಟಿನಿಂದ ಹೊರಬಂದವನು ಅವಳನ್ನು ಕಂಡು ಮೊಬೈಲನ್ನು ಕಿವಿಗಿಟ್ಟುಕೊಂಡ. ಅದರ ಪರದೆ ಕಪ್ಪಗಿದ್ದದ್ದು ಅವಳಿಗೆ ಕಾಣಿಸಿತ್ತು. ಮುಚ್ಚಿಹೋದ ಕಂಪನಿಯಿಂದ ಅವಳಿಗೆ ಬಂದ ಕಾಗದದಲ್ಲಿ ಇದ್ದದ್ದು ಒಂದೇ ವಾಕ್ಯ. ಅವಳು ಮುಚ್ಚಿಕೊಳ್ಳಲು ಹೋದರೆ ಅಷ್ಟು ದಪ್ಪ ಅರ್ಜಿ.

ಅರ್ಜಿ ಹಾಕಿದ ಮೇಲೆ ಲೆಕ್ಕ ತಪಾಸಣೆ. ಎಲ್ಲರದ್ದನ್ನೂ ಮಾಡುವುದಿಲ್ಲವಂತೆ, ಚೀಟಿ ಎತ್ತಿದ ಹಾಗೆ ಕೆಲವರದ್ದನ್ನು ಆರಿಸುತ್ತಾರಂತೆ. ಅವಳ ಹೆಸರು ಬಂತು. ತಪಾಸಣೆಗೆ ಬಂದವನು ತೆಳ್ಳಗಿನ, ಮರ್ಯಾದಸ್ಥ ಮನುಷ್ಯ. ತನ್ನ ನೀರಿನ ಬಾಟಲಿ ತಾನೇ ತರುತ್ತಿದ್ದ, ಕೂರುವ ಮೊದಲು ಕುರ್ಚಿ ಕೇಳುತ್ತಿದ್ದ, ಮಾತಿಗೊಂದು ಸಲ ‘ತಾಳೆ ಆಗ್ತಿಲ್ಲ ಮೇಡಂ’ ಎನ್ನುತ್ತಿದ್ದ. ಗಂಡ ಅವನಿಗೆ ತಾಳೆಪ್ಪ ಎಂದು ಹೆಸರಿಟ್ಟ. ತಾಳೆಪ್ಪ ಬ್ಯಾಂಕಿನ ಲೆಕ್ಕಪಟ್ಟಿಯನ್ನು ಊಟದ ಮೇಜಿನ ಮೇಲೆ ಹರಡಿ, ಸ್ಕೇಲಿಟ್ಟುಕೊಂಡು, ಒಂದೊಂದೇ ಸಾಲು ಇಳಿಯುತ್ತ ಬಂದ. ಔಷಧದಂಗಡಿಯಲ್ಲಿ ಖರ್ಚಾಗಿದ್ದು ಯಾತಕ್ಕೆ? ಮೂಲವ್ಯಾಧಿಯ ಮುಲಾಮು. ಯಾರಿಗೆ? ಗಂಡ ಅಡುಗೆಮನೆಯಿಂದಲೇ ‘ನನಗೇ ಸ್ವಾಮಿ, ಬೇಕಾದರೆ ತೋರಿಸ್ತೀನಿ’ ಎಂದು ಕೂಗಿದ. ತಾಳೆಪ್ಪ ನಗಲಿಲ್ಲ, ಟಿಕ್ ಹಾಕಿಕೊಂಡ. ಬಟ್ಟೆಯಂಗಡಿಯಲ್ಲಿ ಒಂದೇ ವಾರದಲ್ಲಿ ಎರಡು ಸಲ ದುಡ್ಡು ಹೋಗಿದೆ, ಇದೇನು? ಅವಳು ನೆಲ ನೋಡಿದಳು. ಒಳ ಉಡುಪು, ಅಳತೆ ಸರಿಹೋಗದೆ ಇನ್ನೊಂದು ತಂದದ್ದು ಎಂದಳು. ‘ಮೊದಲಿನದ್ದು ವಾಪಸ್ ಕೊಟ್ಟ ದುಡ್ಡು ಜಮಾ ಆಗಿಲ್ಲವಲ್ಲ?’ ವಾಪಸು ತಗೊಳ್ಳಲ್ಲ ರೀ ಅದನ್ನ ಅಂಗಡಿಯವರು, ಎನ್ನುವಾಗ ಅವಳ ಸ್ವರ ತನಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು. ಆಮೇಲೆ ಉಂಗುರ. ಬೆರಳ ಗೆಣ್ಣು ಊದಿಕೊಂಡು ಎಷ್ಟೋ ವರ್ಷಗಳಿಂದ ಹೊರಬರದ ಉಂಗುರ. ಸೋಪು ಹಚ್ಚಿ ನೋಡಬಹುದಾ ಎಂದ. ಬರಲಿಲ್ಲ. ‘ಪರವಾಗಿಲ್ಲ, ಅಂದಾಜು ಹಾಕ್ಕೋತೀನಿ’ ಎಂದು ಅವಳ ಕೈಯನ್ನು ಮುಟ್ಟದೆ, ಕಣ್ಣನ್ನು ಬೆರಳ ತೀರ ಹತ್ತಿರ ತಂದು ನೋಡಿದ. ಅವನ ಉಸಿರು ತಾಗಿದ ಆ ಜಾಗವನ್ನು ಆಮೇಲೆ ಎಷ್ಟೋ ಹೊತ್ತು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಸಿಟ್ಟು ಮಾಡಿಕೊಳ್ಳಲು ಅವನು ಒಂದೇ ಒಂದು ಕೆಟ್ಟ ಮಾತನ್ನಾದರೂ ಆಡಬಾರದಿತ್ತೇ? ಅವನ ಮರ್ಯಾದೆಯೇ ಅವಳನ್ನು ಉರಿಸಿತು. ಬೋರ್ಡು ಬದಲಾಯಿಸಿದವನ ಮನೆಯಲ್ಲಿ ಯಾರಾದರೂ ಹೀಗೆ ಕಣ್ಣು ಬಗ್ಗಿಸಿ ಅವನ ಹೆಂಡತಿಯ ಬೆರಳು ನೋಡಿದ್ದಾರೆಯೇ, ಅವನು ಎಷ್ಟು ಬನಿಯನ್ನು ಕೊಂಡನೆಂದು ಕೇಳಿದ್ದಾರೆಯೇ?

ಕಾರ್ಖಾನೆಯ ಕಪಾಟು ತೆಗೆಸಿದ ದಿನ ಅವಳಿಗೆ ನಿಜವಾದ ಮಂಡೆಬಿಸಿ ಶುರುವಾಯಿತು. ಆಸ್ಪತ್ರೆ ಹೇಳಿ ಮಾಡಿಸಿ, ತೆಗೆದುಕೊಂಡು ಹೋಗದೆ ಉಳಿಸಿದ ಹಲ್ಲಿನ ಸೆಟ್ಟುಗಳು ಅಲ್ಲಿ ಡಬ್ಬಿ ಡಬ್ಬಿಯಲ್ಲಿದ್ದವು, ಮೇಲೆ ನಂಬರು ಬರೆದು. ತಾಳೆಪ್ಪ ಒಂದನ್ನು ಬಿಚ್ಚಿ, ಗುಲಾಬಿ ಒಸಡಿನ ಮೇಲೆ ಸಾಲಾಗಿ ನಿಂತ ಹಲ್ಲುಗಳನ್ನು ನೋಡಿ, ತಟ್ಟನೆ ಮುಚ್ಚಿದ. ಪ್ರತಿ ಸೆಟ್ಟಿಗೂ ಬಿಲ್ಲಿನಲ್ಲಿದ್ದ ಬೆಲೆಯನ್ನೇ ಬರೆಯತೊಡಗಿದ.

‘ಇದೇನ್ರೀ, ಅಷ್ಟು ಬೆಲೆ ಹಾಕ್ತಿದೀರಿ?’ ಎಂದಳು.

‘ತಯಾರಾದ ಮಾಲು ಮೇಡಂ. ನಿಮ್ಮ ಆಸ್ತಿ.’

‘ಯಾರು ತಗೋತಾರೆ? ಒಬ್ಬರ ಹಲ್ಲು ಇನ್ನೊಬ್ಬರ ಬಾಯಿಗೆ ಕೂರುತ್ತಾ?’

‘ಅದು ಹರಾಜಿನವರು ನೋಡ್ಕೋತಾರೆ.’

‘ಸರಿ, ಹಾಗಾದ್ರೆ ಆಸ್ಪತ್ರೆಯವರು ಇದೇ ಹಲ್ಲಿಗೆ ನನಗೆ ಕೊಡಬೇಕಾದ ದುಡ್ಡು ಇದೆಯಲ್ಲ, ಅದಕ್ಕೆ ಎಷ್ಟು ಹಾಕಿದ್ರಿ?’

ತಾಳೆಪ್ಪ ಹಿಂದಿನ ಪುಟ ತಿರುವಿದ. ‘ಸೊನ್ನೆ. ಆ ಕಂಪನಿ ಇಲ್ಲವಲ್ಲ ಮೇಡಂ. ವಸೂಲಾಗದ ಬಾಬ್ತು.’

ಅವಳಿಗೆ ನಗು ಬಂದುಬಿಟ್ಟಿತು. ಅದೇ ಹಲ್ಲು. ಅವರು ಕೊಡುವಾಗ ಸೊನ್ನೆ, ಅವಳ ಕಪಾಟಿನಲ್ಲಿರುವಾಗ ಪೂರಾ ಬೆಲೆ. ನಕ್ಕಿದ್ದನ್ನು ತಾಳೆಪ್ಪ ಸಮ್ಮತಿ ಎಂದುಕೊಂಡಿರಬೇಕು, ನಂಬರುಗಳಿಗೆ ಟಿಕ್ ಹಾಕುತ್ತ ಮುಂದುವರಿದವನು ಒಂದು ಕಡೆ ನಿಂತ. ‘ಮೂವತ್ತೊಂದು ಕಾಣ್ತಿಲ್ಲ.’ ಕೆಳಗಿನ ಖಾನೆ ನೋಡಿದ, ಹಿಂದೆ ಕೈ ಹಾಕಿದ. ಆಗ ಅವಳು ಹೇಳಿಬಿಡಬೇಕಿತ್ತು. ಹೇಳುವ ಬದಲು, ಯಾರದ್ದೋ ಗಂಟಲಿನಿಂದ ಬಂದ ಹಾಗೆ, ‘ಹುಡುಕಿ ಹೇಳ್ತೀನಿ’ ಎಂದಳು. ಹುಡುಕುವುದೇನಿತ್ತು? ಒಂದೇ ಮಾತಿನಲ್ಲಿ ಅವನು ಮೊದಲಿನಿಂದಲೂ ಅನುಮಾನಿಸಿದ್ದಂಥ ಹೆಂಗಸೇ ಆಗಿಬಿಟ್ಟಳು ಅವಳು. ಅವನು ಕಪಾಟಿಗೆ ಸೀಲು ಒತ್ತುವಾಗ ಮೇಣದ ವಾಸನೆ ಬಂತು, ಅವಳ ಕೈಗಳಿಗೆ ಗೊತ್ತಿದ್ದ ಮೇಣವಲ್ಲ ಅದು, ಕೆಂಪು ಅರಗು.

ಮೂವತ್ತೊಂದನೆಯದು ಅನೌನ್ಸರಮ್ಮನದು. ರೈಲು ನಿಲ್ದಾಣದಲ್ಲಿ ಬರುವ ಹೋಗುವ ಗಾಡಿಗಳನ್ನು ಮೈಕಿನಲ್ಲಿ ಕೂಗಿ ಹೇಳುವ ಕೆಲಸ ಮಾಡಿ ನಿವೃತ್ತಳಾದ ಮುದುಕಿ. ಸಾಮಾನ್ಯವಾಗಿ ಕಾರ್ಖಾನೆಗೆ ಬಾಯಿಯ ಅಚ್ಚು ಮಾತ್ರ ಬರುತ್ತದೆ, ಬಾಯಿ ಬರುವುದಿಲ್ಲ. ಅನೌನ್ಸರಮ್ಮ ಮಾತ್ರ ವಿಳಾಸ ಹುಡುಕಿಕೊಂಡು ತಾನೇ ಬಂದಿದ್ದಳು, ಕೈಯಲ್ಲಿ ಹಳೆಯ ಫೋಟೋ ಹಿಡಿದುಕೊಂಡು. ‘ಇಲ್ಲಿ ನೋಡು, ಮುಂದಿನ ಎರಡು ಹಲ್ಲಿನ ನಡುವೆ ಶಂದಿ. ಇದು ಬೇಕು ನನಗೆ. ಡಾಕ್ಟರು ಕೇಳ್ತಾನೇ ಇಲ್ಲ, ಶುಂದರವಾಗಿ ಕಾಣಲ್ಲ ಅಂತಾನೆ’ ಎಂದಿದ್ದಳು, ಹಲ್ಲಿಲ್ಲದ ಬಾಯಲ್ಲಿ ಸಕಾರವೆಲ್ಲ ಶಕಾರವಾಗಿ. ಸಂದಿ ಬಿಟ್ಟು, ಒಂದು ಹಲ್ಲನ್ನು ಕೂದಲೆಳೆಯಷ್ಟು ಓರೆ ನಿಲ್ಲಿಸಿ, ಬಣ್ಣದಲ್ಲಿ ಚಹಾ ಕುಡಿದ ಹಳದಿಯನ್ನು ತುಸುವೇ ಬೆರೆಸಿ ಹಲ್ಲಕ್ಕ ಆ ಸೆಟ್ಟು ಮಾಡಿದಳು. ಅಂಥದ್ದನ್ನು ಅವಳು ಮತ್ತೆ ಮಾಡಿರಲಿಲ್ಲ. ಆಸ್ಪತ್ರೆಗೆ ಮುಂಗಡವಾಗಿ ಎಲ್ಲ ದುಡ್ಡನ್ನೂ ಕಟ್ಟಿದ್ದ ಅನೌನ್ಸರಮ್ಮ, ಬೋರ್ಡು ಬದಲಾದ ಮೇಲೆ ಅಲ್ಲಿ ಹೋಗಿ ಬೈಸಿಕೊಂಡು, ನೇರ ಕಾರ್ಖಾನೆಗೆ ಬಂದಳು. ಅಷ್ಟರಲ್ಲಿ ಹಲ್ಲಕ್ಕ ಅರ್ಜಿ ಹಾಕಿಯಾಗಿತ್ತು; ಇನ್ನು ಒಂದು ಸೂಜಿಯನ್ನೂ ಅತ್ತಿತ್ತ ಮಾಡಬಾರದೆಂದು ಅವಳ ವಕೀಲೆ ಹೇಳಿದ್ದಳು. ಮುದುಕಿ ಮೆಟ್ಟಿಲ ಮೇಲೆ ಕೂತು, ಗಂಜಿ ಕುಡಿದು ಕುಡಿದು ನಾಲಗೆ ಸತ್ತುಹೋಯಿತೆಂದೂ, ಮೊಮ್ಮಕ್ಕಳು ತನ್ನ ಮಾತನ್ನು ಅಣಕಿಸುತ್ತಾರೆಂದೂ ಹೇಳಿದಳು. ಕನಿಕರಕ್ಕೆ ಕೊಟ್ಟೆ ಎಂದು ಹಲ್ಲಕ್ಕ ಗಂಡನಿಗೆ ಹೇಳಿದ್ದಳು. ಪೂರ್ತಿ ನಿಜವಲ್ಲ. ಕನಿಕರವಿತ್ತು. ಅದಕ್ಕಿಂತ ಹೆಚ್ಚಾಗಿ, ತಾನು ಮಾಡಿದವುಗಳಲ್ಲೆಲ್ಲ ಒಳ್ಳೆಯದು ರಟ್ಟಿನ ಡಬ್ಬಿಯೊಳಗೆ ನಂಬರಾಗಿ ಬಿದ್ದಿರುವುದನ್ನು ಅವಳಿಗೆ ಸಹಿಸಲಾಗಿರಲಿಲ್ಲ. ಅದಕ್ಕೊಂದು ಬಾಯಿ ಬೇಕಿತ್ತು. ಡಬ್ಬಿ ಬಿಚ್ಚಿ, ನೀರಲ್ಲಿ ತೊಳೆದು, ಮುದುಕಿಯ ಕೈಗಿಟ್ಟು, ಕೂರಿಸಿ ನೋಡುವಷ್ಟೂ ವ್ಯವಧಾನವಿಲ್ಲದೆ ‘ಹೊರಡಿ, ಬೇಗ ಹೊರಡಿ’ ಎಂದು ಕಳಿಸಿದ್ದಳು, ಯಾರಾದರೂ ನೋಡಿಬಿಟ್ಟಾರೆಂದು. ತನ್ನದೇ ಕಾರ್ಖಾನೆಯ ಬಾಗಿಲಲ್ಲಿ, ತನ್ನ ಕೈಯಿಂದ ಮಾಡಿದ್ದನ್ನು, ಅದರ ಒಡತಿಗೆ ಕದ್ದು ಕೊಟ್ಟಳು.

‘ಅಕ್ಕಾ, ಬನ್ನಿ, ಕರೆದ್ರು’ ಎಂದು ವಕೀಲೆ ಕಾರಿಡಾರಿನ ಬಾಗಿಲಲ್ಲಿ ಕೈ ಬೀಸಿದಳು. ಕಚೇರಿಯೇ ಗೊತ್ತುಮಾಡಿ ಕೊಟ್ಟ ವಕೀಲೆ. ಕಂಕುಳಲ್ಲಿ ಇನ್ನೂ ಮೂವರ ಫೈಲು. ಒಳಗೆ ಉದ್ದನೆಯ ಮೇಜು, ಫ್ಯಾನು ಸುತ್ತಿದ ಕಡೆಯೆಲ್ಲ ಕಾಗದ ಹಾರದಂತೆ ಇಟ್ಟ ಪಂಚಿಂಗ್ ಮಿಶಿನ್ನು, ಸ್ಟ್ಯಾಪ್ಲರು, ಯಾರದೋ ಊಟದ ಡಬ್ಬಿ. ಆಚೆ ಬದಿಯಲ್ಲಿ ತಾಳೆಪ್ಪ ಮತ್ತು ಅವನ ಮೇಲಧಿಕಾರಿ, ದಪ್ಪ ಕನ್ನಡಕದ, ನಿದ್ದೆ ಸಾಲದ ಕಣ್ಣಿನ ಹೆಂಗಸು. ಅಧಿಕಾರಿಣಿಯ ಕೆಳಸಾಲು ಒಂದರ ಮೇಲೊಂದು ಏರಿಕೊಂಡಿದ್ದನ್ನು ಹಲ್ಲಕ್ಕ ಕೂರುವಷ್ಟರಲ್ಲೇ ನೋಡಿ ಮುಗಿಸಿದ್ದಳು. ಗಂಡನಿಗೆ ಹಿಂದೆ ಗೋಡೆಗೊರಗಿ ನಿಲ್ಲಲು ಹೇಳಿದರು; ಕುರ್ಚಿ ಖಾಲಿಯಿದ್ದರೂ.

‘ಎಲ್ಲ ಸರಿ ಇದೆ’ ಎಂದಳು ಅಧಿಕಾರಿಣಿ ಪುಟ ತಿರುವುತ್ತ. ‘ಬ್ಯಾಂಕು ತಾಳೆ ಆಗಿದೆ, ಮನೆಯ ಸಾಮಾನು ತಾಳೆ ಆಗಿದೆ. ಒಂದೇ ಒಂದು ಐಟಂ. ಮೂವತ್ತೊಂದು. ಹುಡುಕಿ ಹೇಳ್ತೀನಿ ಅಂದಿದ್ರಿ. ಸಿಕ್ತಾ?’

‘ಕಳೆದುಹೋಗಿರಲಿಲ್ಲ’ ಎಂದಳು ಹಲ್ಲಕ್ಕ.

‘ಮತ್ತೆ ಎಲ್ಲಿದೆ?’

‘ಬಾಯಲ್ಲಿದೆ.’

ವಕೀಲೆಯ ಕಾಲು ಮೇಜಿನ ಕೆಳಗೆ ಅವಳ ಕಾಲನ್ನು ತುಳಿಯಿತು. ತಾಳೆಪ್ಪ ಪೆನ್ನು ಎತ್ತಿ, ಇದನ್ನು ಯಾವ ಕಾಲಮ್ಮಿಗೆ ಬರೆಯುವುದೆಂದು ಪುಟದಲ್ಲಿ ಹುಡುಕತೊಡಗಿದ. ಬಾಯಲ್ಲಿದೆ ಎಂದ ಮೇಲೆ ಹಲ್ಲಕ್ಕನಿಗೆ ಎಷ್ಟೋ ದಿನದ ಮೇಲೆ ಎದೆ ಹಗುರವಾಗಿ, ಉಳಿದದ್ದೂ ಬಂತು: ಅದನ್ನು ಯಾರಿಗಾಗಿ ಮಾಡಿದ್ದೋ ಅವರಿಗೆ ಕೊಟ್ಟೆ, ಅವರು ದುಡ್ಡು ಪೂರ್ತಿ ಕಟ್ಟಿದವರು, ನನಗೆ ಒಂದು ಬಿಡಿಕಾಸೂ ಕೊಟ್ಟಿಲ್ಲ, ನಾನು ಕೇಳಲೂ ಇಲ್ಲ. ಅವರ ಹೆಸರು? ಹೇಳಲ್ಲ. ವಿಳಾಸ? ಹೇಳಲ್ಲ. ಅಧಿಕಾರಿಣಿ ಕನ್ನಡಕ ತೆಗೆದು ಮೂಗಿನ ಗುರುತು ತಿಕ್ಕಿಕೊಂಡಳು. ನೋಡಿ, ಎಂದಳು, ಅರ್ಜಿಯ ನಂತರ ಆಸ್ತಿ ಬೇರೆಯವರಿಗೆ ದಾಟಿಸೋದು ಸಣ್ಣ ತಪ್ಪಲ್ಲ; ಹೆಸರು ಕೊಟ್ಟರೆ ಅವರಿಂದ ವಾಪಸ್ ತರಿಸ್ತೀವಿ, ಕೊಡದೆ ಇದ್ದರೆ ಮುಚ್ಚಿಟ್ಟ ಹಾಗೆ ಆಗುತ್ತೆ, ಬಿಡುಗಡೆ ಒಂದು ವರ್ಷ ಮುಂದಕ್ಕೆ ಹೋಗುತ್ತೆ. ವಾಪಸು ತರಿಸುವುದು ಎಂದರೆ ಹೇಗೆ, ಎಂದು ಹಲ್ಲಕ್ಕ ಯೋಚಿಸಿದಳು. ಯಾರೋ ಒಬ್ಬ ಮನೆಗೆ ಹೋಗಿ, ಮರ್ಯಾದೆಯಿಂದ ಕುರ್ಚಿ ಕೇಳಿ ಕೂತು, ಅಮ್ಮಾ ಬಾಯಿ ತೆಗೀರಿ ಎನ್ನುತ್ತಾನೆಯೇ? ಹಿಂದೆ ಗಂಡ ಕೆಮ್ಮಿದ. ಅವನು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತಿರುವುದು ಅವಳಿಗೆ ನೋಡದೆಯೂ ಗೊತ್ತಾಯಿತು.

ಆಗ ಅಧಿಕಾರಿಣಿ ತಾಳೆಪ್ಪನ ಕಡೆ ನೋಡಿದಳು. ತಾಳೆಪ್ಪ ಗಂಟಲು ಸರಿಮಾಡಿಕೊಂಡು, ಇಷ್ಟು ದಿನದಲ್ಲಿ ಮೊದಲ ಸಲ ದನಿ ತಗ್ಗಿಸಿ, ಮೇಜಿನ ಮೇಲೆ ಬಾಗಿ ಹೇಳಿದ:

‘ಮೇಡಂ, ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ಕೆಲಸ ಮಾಡುವಾಗ ಕೆಲವು ಸೆಟ್ಟು ಒಡೆದುಹೋಗುತ್ತವೆ ಅಲ್ವಾ? ಮೂವತ್ತೊಂದು ಒಡೆದುಹೋಯ್ತು, ಎಸೆದೆ, ಅಂತ ಒಂದು ಸಾಲು ಬರೆದುಕೊಡಿ. ನಾವು ನಷ್ಟದ ಕಾಲಮ್ಮಿಗೆ ಹಾಕ್ಕೋತೀವಿ. ಇವತ್ತೇ ಮುಗಿದುಹೋಗುತ್ತೆ.’

‘ಬರೀರಿ ಅಕ್ಕಾ’ ಎಂದು ವಕೀಲೆ ಆಗಲೇ ಬಿಳಿ ಹಾಳೆ ಅವಳ ಮುಂದೆ ಸರಿಸಿ, ಪೆನ್ನಿನ ಟೋಪಿಯನ್ನೂ ತೆಗೆದಿಟ್ಟಿದ್ದಳು. ಮೂರೂ ಜನ ದಯೆಯಿಂದ ಅವಳನ್ನೇ ನೋಡುತ್ತಿದ್ದರು. ದಯೆಯೇ, ಅನುಮಾನವಿಲ್ಲ, ತಾಳೆಪ್ಪನ ಮುಖದಲ್ಲಿ ನಾಚಿಕೆ ಕೂಡ ಇತ್ತು. ಹಲ್ಲಕ್ಕ ಪೆನ್ನು ಕೈಗೆತ್ತಿಕೊಂಡಳು. ಒಡೆದುಹೋಯ್ತು. ಎಷ್ಟು ಸಣ್ಣ ಮಾತು. ಅದನ್ನು ಬರೆದರೆ ವ್ಯಾನಿನ ಬೀಗದಕೈ ನಾಳೆಯೇ ವಾಪಸು, ಗಂಡ ಹಾಸಿಗೆಯ ಮೇಲೆ, ಅವಳ ಸಂಬಳ ಅವಳಿಗೆ. ‘ಒ’ ಎಂದು ಬರೆದೂಬಿಟ್ಟಳು. ಆ ದುಂಡಗಿನ ಅಕ್ಷರವನ್ನು ನೋಡುತ್ತಿದ್ದ ಹಾಗೆ ಕಿವಿಯ ಹಿಂದಿನಿಂದ ಬಿಸಿ ಏರತೊಡಗಿತು. ಇಷ್ಟು ತಿಂಗಳು ಈ ಜನ ಅವಳ ಮುಲಾಮು ನಂಬಲಿಲ್ಲ. ಅವಳ ಒಳ ಉಡುಪು ನಂಬಲಿಲ್ಲ. ಬೆರಳಿನ ಉಂಗುರವನ್ನು ಕಣ್ಣಿಟ್ಟು ನೋಡಿದರು. ಅವಳು ಹೇಳಿದ ನಿಜಕ್ಕೆಲ್ಲ ರಶೀದಿ ಕೇಳಿದರು. ಈಗ ಒಂದು ಸುಳ್ಳಿಗೆ ಏನೂ ಬೇಡ, ರಶೀದಿ ಬೇಡ, ಸಾಕ್ಷಿ ಬೇಡ, ಚೂರುಗಳನ್ನು ತೋರಿಸು ಎನ್ನುವುದೂ ಇಲ್ಲ! ಸುಳ್ಳು ಹೇಳುತ್ತೀಯೆಂದು ಸ್ಕೇಲಿಟ್ಟು ಅಳೆದವರೇ ಸುಳ್ಳು ಹೇಳು, ಬಿಟ್ಟುಬಿಡುತ್ತೇವೆ ಎನ್ನುತ್ತಿದ್ದಾರೆ. ಅದೂ ಯಾವುದನ್ನು ಒಡೆದುಹೋಯಿತು ಎನ್ನಬೇಕು? ಅವಳ ಕೈಯಿಂದ ಅಷ್ಟು ವರ್ಷದಲ್ಲಿ ಹಾಗೆ ಇನ್ನೊಂದು ಬಂದಿಲ್ಲ, ಅದನ್ನು.

‘ಒಡೆದಿಲ್ಲ’ ಎಂದಳು.

‘ಅಕ್ಕಾ...’

‘ಒಡೆದಿಲ್ಲ ಕಣ್ರೀ. ಚೆನ್ನಾಗಿದೆ.’ ದನಿ ಎದ್ದಿತು. ‘ನಾನು ಹೇಳಿದ್ದೆಲ್ಲ ಸುಳ್ಳು ಅಂತ ತಿಳ್ಕೊಂಡು ಮನೆಯೆಲ್ಲಾ ಜಾಲಾಡಿದ್ರಿ. ಸುಮ್ಮನಿದ್ದೆ. ನಿಮ್ಮ ಕೆಲಸ ಅದು ಅಂತ. ಈಗ ನಿಜ ಹೇಳಿದ್ರೆ ಒಂದು ವರ್ಷ, ಸುಳ್ಳು ಹೇಳಿದ್ರೆ ಇವತ್ತೇ ಬಿಡುಗಡೆನಾ? ಏನ್ರೀ ಲೆಕ್ಕ ಇದು? ಇದು ಯಾವುದಕ್ಕೆ ತಾಳೆ ಆಗುತ್ತೆ ಹೇಳಿ ನೋಡೋಣ. ಬೋರ್ಡು ಬದಲಾಯಿಸಿದವನನ್ನ ಕರೆದು ಕೇಳಿದ್ರಾ ನೀವು ಒಂದು ಸಲ? ಅವನ ಕಪಾಟು ತೆಗೆಸಿದ್ರಾ?’

‘ಅದು ಈ ಫೈಲಿಗೆ ಸಂಬಂಧಪಟ್ಟಿದ್ದಲ್ಲ’ ಎಂದಳು ಅಧಿಕಾರಿಣಿ. ಸಿಟ್ಟಿಲ್ಲದೆ, ಬಳಲಿಕೆಯಿಂದ. ಹಲ್ಲಕ್ಕ ‘ಒ’ಕಾರವನ್ನು ಹೊಡೆದುಹಾಕಿ, ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಳು: ಮೂವತ್ತೊಂದನೆಯ ಸೆಟ್ಟನ್ನು ಯಾರ ಬಾಯಿಗೆ ಮಾಡಿದ್ದೋ ಅವರಿಗೇ ಕೊಟ್ಟಿದ್ದೇನೆ. ಸಹಿ ಹಾಕಿದಳು. ಇಂಥದ್ದಕ್ಕೆ ಕಾಲಮ್ ಇಲ್ಲ ಎಂದ ತಾಳೆಪ್ಪ. ಇಲ್ಲದಿದ್ದರೆ ಬೇಡ, ಎಂದಳು. ಅಧಿಕಾರಿಣಿ ಆ ಹಾಳೆಯನ್ನು ಫೈಲಿಗೆ ಪಂಚ್ ಮಾಡಿ ಸೇರಿಸಿ, ಒಂದು ವರ್ಷ ಮುಂದೂಡಿದೆ ಎಂಬ ಮುದ್ರೆಯನ್ನು ಹುಡುಕತೊಡಗಿದಳು. ಮುದ್ರೆ ಊಟದ ಡಬ್ಬಿಯ ಹಿಂದಿತ್ತು. ಉಳಿದ ಸೆಟ್ಟುಗಳು ಹರಾಜಿಗೆ ಹೋಗುತ್ತವೆ ಎಂದು ಹೊರಗೆ ಬರುವಾಗ ವಕೀಲೆ ಹೇಳಿದಳು. ಯಾರೂ ಕೂಗದಿದ್ದರೆ ಸುಡುತ್ತಾರಂತೆ. ಇದನ್ನು ಹೇಳಿ ಮುಂದಿನ ಫೈಲು ಎತ್ತಿಕೊಂಡು ಓಡಿದಳು.

ಬಸ್ ನಿಲ್ದಾಣದವರೆಗೆ ಗಂಡ ಸೊಂಟಕ್ಕೆ ಕೈಯಿಟ್ಟುಕೊಂಡು ಎರಡು ಹೆಜ್ಜೆ ಮುಂದೆಯೇ ನಡೆದ. ಬಿಸಿಲು ಡಾಂಬರಿನಿಂದ ವಾಪಸು ಎದ್ದು ಮುಖಕ್ಕೆ ಬಡಿಯುತ್ತಿತ್ತು. ಅವನು ಬೈಯಲಿ ಎಂದು ಅವಳು ಕಾದಳು. ಒಳಗೆ ಹೊತ್ತಿಕೊಂಡದ್ದು ಇನ್ನೂ ಉರಿಯುತ್ತಿತ್ತು. ಆ ಉರಿಯ ಅಂಚಿನಲ್ಲಿ ಮಾತ್ರ ಯಾವುದೋ ತಣ್ಣಗಿನದು ಮುಟ್ಟಿದಂತಾಗುತ್ತಿತ್ತು. ಒಂದು ವರ್ಷವನ್ನು ಅವಳು ಯಾರ ಸೊಂಟದಿಂದ ಕಿತ್ತುಕೊಟ್ಟಳು? ತನ್ನದರಿಂದ ಅಲ್ಲವಲ್ಲ. ನಿಜ ಹೇಳುವ ಸುಖ ಅವಳಿಗೆ, ಬೆಳಿಗ್ಗೆ ಎದ್ದು ವ್ಯಾನು ತೊಳೆಯುವ ಕೆಲಸ ಇವನಿಗೆ.

‘ಒಂದು ಸಲ ನನ್ನ ಕಡೆ ತಿರುಗಿ ನೋಡಬಹುದಿತ್ತು ಕಣೇ’ ಎಂದ ಕೊನೆಗೆ, ನೆರಳಿನಲ್ಲಿ ನಿಂತು. ‘ಬರಿ ಅಂತ ಹೇಳ್ತಿದ್ದೆನೋ ಬರೀಬೇಡ ಅಂತಿದ್ದೆನೋ, ನನಗೇ ಗೊತ್ತಿಲ್ಲ. ಆದ್ರೆ ತಿರುಗಿ ನೋಡಬೇಕಿತ್ತು.’

‘ನೋಡಿದ್ರೆ ಬರೆದುಬಿಡ್ತಿದ್ದೆ’ ಎಂದಳು.

ಅವನು ನಗಲಿಲ್ಲ, ತಮಾಷೆ ಮಾಡಲಿಲ್ಲ. ಅವನು ತಮಾಷೆ ಮಾಡದೆ ಇದ್ದದ್ದು ಅವಳಿಗೆ ಬೈಗುಳಕ್ಕಿಂತ ಹೆಚ್ಚಾಯಿತು. ಅವರ ಬಸ್ಸು ಬಂದು, ಬಾಗಿಲು ತೆಗೆದು, ಇವರು ಹತ್ತದೆ ನಿಂತದ್ದನ್ನು ನೋಡಿ ಮುಚ್ಚಿಕೊಂಡು ಹೋಯಿತು. ‘ಆಯಮ್ಮ ಈಗ ಚೆನ್ನಾಗಿ ಅಗೀತಾರಾ?’ ಎಂದು ಕೇಳಿದ ಗಂಡ, ರಸ್ತೆಯ ಆಚೆ ನೋಡುತ್ತ. ‘ಅಷ್ಟಾದ್ರೂ ತಿಳ್ಕೊಳ್ಳೋಣ.’ ಅವಳಿಗೆ ಗೊತ್ತಿರಲಿಲ್ಲ. ಕೊಟ್ಟ ದಿನದಿಂದ ಹೋಗಿ ನೋಡಿರಲಿಲ್ಲ, ಎಲ್ಲಿ ಕಚೇರಿಯವರು ಬೆನ್ನು ಹತ್ತಿ ಬರುತ್ತಾರೋ ಎಂಬ ಅಂಜಿಕೆಗೆ.

ಅನೌನ್ಸರಮ್ಮನ ಮನೆ ರೈಲು ಹಳಿಯ ಪಕ್ಕದ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಗಂಡ ಮೆಟ್ಟಿಲಿನ ನಡುವೆ ಎರಡು ಸಲ ನಿಂತು ಹತ್ತಿದ. ಬಾಗಿಲು ತೆಗೆದ ಮುದುಕಿ ಇವರನ್ನು ನೋಡಿದ್ದೇ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದಳು. ಒಳಗೆ ಬನ್ನಿ ಎನ್ನಲೂ ಇಲ್ಲ, ತಿರುಗಿ ಕೋಣೆಗೆ ಹೋದಳು. ಬಂದಾಗ ಕೈಯಲ್ಲಿ ಬಿಳಿ ಬಟ್ಟೆಯ ಪುಟ್ಟ ಗಂಟು ಇತ್ತು. ಅದನ್ನು ಮೇಜಿನ ಮೇಲೆ ಹಲ್ಲಕ್ಕನ ಮುಂದೆ ಇಟ್ಟಳು, ಪಕ್ಕದಲ್ಲಿ ಪತ್ರಿಕೆಯಿಂದ ಕತ್ತರಿಸಿದ ಒಂದು ತುಂಡನ್ನೂ. ಕಚೇರಿಯ ಪ್ರಕಟಣೆ: ಸದರಿ ಕಾರ್ಖಾನೆಯ ಯಾವುದೇ ವಸ್ತುವನ್ನು ಹೊಂದಿರುವವರು ತಕ್ಷಣ ಹಿಂದಿರುಗಿಸತಕ್ಕದ್ದು, ತಪ್ಪಿದಲ್ಲಿ ಕಾನೂನು ಕ್ರಮ ಕೈಗೊಳ್ಳಲಾಗುವುದು.

‘ಮಗ ಓದಿ ಹೇಳಿದ. ಅವತ್ತಿನಿಂದ ಹಾಕಿಲ್ಲಮ್ಮ’ ಎಂದಳು ಅನೌನ್ಸರಮ್ಮ. ‘ಶೋಪಿನಲ್ಲಿ ತೊಳೆದು ಇಟ್ಟಿದೀನಿ. ಏನೂ ಆಗಿಲ್ಲ, ನೋಡ್ಕೋ. ಪೊಲೀಶಿಗೆ ಹೇಳಬೇಡ.’

ಹಲ್ಲಕ್ಕ ಗಂಟನ್ನು ಬಿಚ್ಚಿದಳು. ಗುಲಾಬಿ ಒಸಡು ಒಣಗಿ ಮಂಕಾಗಿತ್ತು. ತಿಂಗಳುಗಟ್ಟಲೆ ಬಾಯಿಯ ತೇವ ಕಂಡಿರಲಿಲ್ಲ ಅದು. ಅಷ್ಟು ದಿನವೂ ಇವಳು ಗಂಜಿ ಕುಡಿದಳು, ಇದನ್ನು ಬಟ್ಟೆಯಲ್ಲಿ ಸುತ್ತಿಟ್ಟು. ಯಾವ ಬಾಯಿಗಾಗಿ ತಾನು ಅಲ್ಲಿ ಕೂಗಾಡಿ ಬಂದಳೋ ಆ ಬಾಯಿ ಖಾಲಿಯಿತ್ತು. ಕಚೇರಿಯವರು ಇಲ್ಲಿಯವರೆಗೆ ಮೆಟ್ಟಿಲು ಹತ್ತಿ ಬರಬೇಕಾಗಿಯೂ ಇರಲಿಲ್ಲ, ಸಣ್ಣ ಅಕ್ಷರದ ನಾಲ್ಕು ಸಾಲಿಗೆ ಮುದುಕಿ ತಾನೇ ಕಿತ್ತು ಕೊಟ್ಟಿದ್ದಳು. ಹಲ್ಲಕ್ಕನಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಮೇಜಿನಾಚೆ ಕೂತವರ ಮೇಲೆ, ಬೋರ್ಡಿನವನ ಮೇಲೆ, ಹೆದರಿದ ಈ ಮುದುಕಿಯ ಮೇಲೆ ಕೂಡ. ಎದ್ದು ಹೋಗಿ ನಲ್ಲಿಯ ಕೆಳಗೆ ಸೆಟ್ಟನ್ನು ಹಿಡಿದು, ಬಟ್ಟೆಯ ಎಳೆಗಳು ಹೋಗುವಂತೆ ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ತೊಳೆದಳು. ವಾಪಸು ಬಂದಳು.

‘ಬಾಯಿ ತೆಗೀರಿ.’

‘ಬೇಡಮ್ಮ, ಶುಮ್ಮನೆ ಯಾಕೆ...’

‘ತೆಗೀರಿ ಅಂದೆ. ನಿಮ್ಮದು ಇದು. ಸಹಿ ಹಾಕಿ ಬಂದಿದೀನಿ ನಾನು.’

ಮುದುಕಿ ಕುರ್ಚಿಯ ತುದಿಗೆ ಕೂತು ಬಾಯಿ ತೆಗೆದಳು. ಮೇಲಿನದನ್ನು ಅಂಗುಳಕ್ಕೆ ಒತ್ತಿ, ಕೆಳಗಿನದನ್ನು ಒಸಡಿನ ಮೇಲೆ ಕೂರಿಸಿ, ಕೆನ್ನೆಯನ್ನು ಎರಡೂ ಕಡೆ ಸರಿಮಾಡಿ, ಹಲ್ಲಕ್ಕ ಬೆಳಕಿಗೆ ತಿರುಗಿಸಿ ನೋಡಿದಳು. ಇಷ್ಟು ತಿಂಗಳಲ್ಲಿ ಮುದುಕಿಯ ಒಸಡು ಸ್ವಲ್ಪ ಕರಗಿತ್ತು. ಸೆಟ್ಟು ಎಡಗಡೆ ಎತ್ತಿದಂತೆ ಕಾಣುತ್ತಿತ್ತು, ಸರಿಯಾಗಿ ಕಚ್ಚುತ್ತದೆಯೇ ಎಂಬುದನ್ನು ನೋಡಿ ಹೇಳಲಾಗುವುದಿಲ್ಲ, ಮುಟ್ಟಿಯೇ ತಿಳಿಯಬೇಕು. ತೋರುಬೆರಳನ್ನು ದವಡೆಯ ಹಲ್ಲುಗಳ ನಡುವೆ ಇಟ್ಟಳು. ಗಂಡ ಬಾಗಿಲಲ್ಲೇ ಸೊಂಟ ಹಿಡಿದು ನಿಂತು ನೋಡುತ್ತಿದ್ದ.

‘ಕಚ್ಚಿ’ ಎಂದಳು.

ಮುದುಕಿ ಅಂಜುತ್ತ, ಮಗುವಿನ ಬೆರಳೆಂಬಂತೆ ಮೆಲ್ಲಗೆ ಹಲ್ಲು ಮುಟ್ಟಿಸಿದಳು.

‘ಹಾಗಲ್ಲ. ಜೋರಾಗಿ.’

ಹಲ್ಲು ಬಿಗಿಯಿತು. ನೋವು ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಏರಿತು. ಹಲ್ಲಕ್ಕ ಕೈ ಹಿಂದೆಗೆಯಲಿಲ್ಲ.

‘ಇನ್ನೂ ಜೋರಾಗಿ’ ಎಂದಳು.